ಹೊಳೆ ಕಣಿವೆಯಲ್ಲಿ ಕಾಡುಹೂ: ಕೊಡಗಿನಲ್ಲಿ ಗುಂಪಾಗಿ ನಡೆಯುವವರಿಗೆ

ಹೂ ನೋಡಲು ಹೊರಟ ಗುಂಪುಗಳು ಮೊದಲು ಎಡವುವುದು ದೂರದ ಲೆಕ್ಕದಲ್ಲಿ. ಬೆಟ್ಟ ಹತ್ತುವಾಗ ಗಂಟೆಗೆ ಎರಡೂವರೆ ಕಿ.ಮೀ. ಸಾಗುವ ಹತ್ತು ಜನ, ಹೊಳೆ ಬದಿಯ ಹಸಿ ಬಂಡೆಗಳ ಮೇಲೆ ಗಿಡಗಿಡಕ್ಕೂ ಕೂತು ಏಳುತ್ತ ಹೋದರೆ ಗಂಟೆಗೆ ಒಂದು ಕಿ.ಮೀ. ದಾಟುವುದಿಲ್ಲ. ಆದ್ದರಿಂದ ಹೋಗುವುದು ಎರಡು ಕಿ.ಮೀ., ಬರುವುದು ಎರಡು ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗಲು ಎರಡೂವರೆ ಗಂಟೆ, ಊಟಕ್ಕೆ ಅರ್ಧ ಗಂಟೆ, ಬರಲು ಒಂದೂವರೆ ಗಂಟೆ. ಇಷ್ಟು ಕಡಿಮೆಯೇ ಎಂದು ಮೂಗು ಮುರಿಯುವವರು ಗುಂಪಿನಲ್ಲಿದ್ದರೆ ಅವರನ್ನು ತಡಿಯಂಡಮೋಳ್ ಕಡೆ ಕಳಿಸಿ; ಕೊಡಗಿನ ಅತಿ ಎತ್ತರದ ಶಿಖರ ಅದು, 1,748 ಮೀಟರ್. ಹತ್ತಿ ಇಳಿದು ಸಂತೋಷವಾಗಿರಲಿ.

ಯಾವ ತಿಂಗಳು

ಜೂನ್ ಮೊದಲ ವಾರಗಳಲ್ಲಿ ಮುಂಗಾರು ಹಿಡಿದ ಮೇಲೆ ಆಗಸ್ಟ್ ಮುಗಿಯುವವರೆಗೆ ಹೊಳೆ ಕಣಿವೆಯ ಮಾತೇ ಬೇಡ. ಮಳೆಗಾಲದಲ್ಲಿ ಹೂ ಹೆಚ್ಚು ಅನ್ನುವುದು ನಿಜ. ಆದರೆ ನೀರು ಕುಡಿದು ಭಾರವಾದ ಗುಡ್ಡದ ಬುಡದಲ್ಲಿ ನಿಲ್ಲುವುದು ಎಂಥ ಅಪಾಯ ಎಂದು 2018ರ ಆಗಸ್ಟಿನ ಭೂಕುಸಿತಗಳು ಇಡೀ ಜಿಲ್ಲೆಗೆ ತೋರಿಸಿವೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿಯಿತು. ಮಳೆಗಾಲದ ಹೂ ನೋಡಲೇಬೇಕೆಂದರೆ ರಸ್ತೆ ಬದಿಯ ಬರೆ (ಕಡಿದ ಮಣ್ಣಿನ ದಿಬ್ಬ), ದೇವರಕಾಡಿನ ಅಂಚು, ತೋಟದ ಬೇಲಿ ಸಾಕು.

ಕಣಿವೆಗೆ ಇಳಿಯಲು ಸರಿಯಾದ ಕಾಲ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ನೀರು ಇಳಿದಿರುತ್ತದೆ, ಬಂಡೆ ಇನ್ನೂ ಒಸರುತ್ತಿರುತ್ತದೆ. ಹೂವಿಗೆ ಬೇಕಾದ್ದೂ ಅಷ್ಟೇ. ಅಕ್ಟೋಬರಿನಲ್ಲಿ ಮಧ್ಯಾಹ್ನ ಎರಡರ ಮೇಲೆ ಗುಡುಗು ಮಳೆ ಬರುವುದು ಮಾಮೂಲು. ಹಾಗಾಗಿ ಬೆಳಿಗ್ಗೆ ಏಳಕ್ಕೆ ನಡಿಗೆ ಶುರು, ಹನ್ನೊಂದರೊಳಗೆ ತಿರುಗುವ ಜಾಗ, ಒಂದು ಗಂಟೆಗೆ ಹೊಳೆಯಿಂದ ಹೊರಗೆ. ತುಲಾ ಸಂಕ್ರಮಣದ ಆಸುಪಾಸು, ಅಂದರೆ ಅಕ್ಟೋಬರ್ 17ರ ಹಿಂದೆ ಮುಂದೆ, ಭಾಗಮಂಡಲದ ಕಡೆ ವಾಹನ ತಿರುಗಿಸಬೇಡಿ; ತೀರ್ಥೋದ್ಭವದ ಜನಸಂದಣಿಯಲ್ಲೇ ಅರ್ಧ ದಿನ ಹೋಗುತ್ತದೆ. ಫೆಬ್ರವರಿಯ ನಂತರ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯದ ಹಾದಿಗಳನ್ನು ಮುಚ್ಚುವುದುಂಟು.

ನೀಲಕುರಿಂಜಿ ಎಲ್ಲಿ ಎಂದು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಕೇಳುತ್ತಾರೆ. 2021ರ ಆಗಸ್ಟಿನಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟಗಳಲ್ಲಿ ಅರಳಿದ್ದು ಬಯಲು ಹುಲ್ಲುಗುಡ್ಡದ ಕುರಿಂಜಿ. ಹೊಳೆ ಕಣಿವೆಯ ನೆರಳಿನಲ್ಲಿ ಅದೇ ಕುಲದ ಬೇರೆ ಜಾತಿಗಳು ಸಿಗುತ್ತವೆ, ಕೆಲವು ವರ್ಷ ವರ್ಷವೂ ಅರಳುತ್ತವೆ. ಗುಡ್ಡವೆಲ್ಲ ನೀಲಿಯಾಗುವ ನೋಟವನ್ನು ಇಲ್ಲಿ ನಿರೀಕ್ಷಿಸಬೇಡಿ.

ಯಾವ ಹೊಳೆ, ಯಾರ ಅನುಮತಿ

ಮೊದಲ ಸಲ ಹೊರಡುವ ಗುಂಪಿಗೆ ದಕ್ಷಿಣ ಕೊಡಗಿನ ಇರ್ಪು ಒಳ್ಳೆಯದು. ಶ್ರೀಮಂಗಲ–ಕುಟ್ಟ ರಸ್ತೆಯಿಂದ ಒಳಕ್ಕೆ ಹೋದರೆ ರಾಮೇಶ್ವರ ದೇವಸ್ಥಾನ. ಅಲ್ಲಿಂದ ಲಕ್ಷ್ಮಣತೀರ್ಥದ ಬದಿಯಲ್ಲೇ ಜಲಪಾತದವರೆಗೆ ಕಟ್ಟಿದ ದಾರಿಯಿದೆ. ದೂರ ಸ್ವಲ್ಪವೇ. ಆದರೆ ಗಿಡ ನೋಡುವವರಿಗೆ ಅಷ್ಟರಲ್ಲೇ ಅರ್ಧ ದಿನದ ಕೆಲಸವಿದೆ, ಮೆಟ್ಟಿಲ ಬದಿಯ ಒಸರು ಗೋಡೆಯೊಂದೇ ಒಂದು ಗಂಟೆ ಹಿಡಿಸುತ್ತದೆ. ಶಿವರಾತ್ರಿಯ ಸಮಯದಲ್ಲಿ ಯಾತ್ರಿಕರು ತುಂಬಿರುತ್ತಾರೆ, ಆಗ ಬೇಡ. ಜಲಪಾತದಿಂದಾಚೆ ನರಿಮಲೆ, ಬ್ರಹ್ಮಗಿರಿಯ ಕಡೆಗೆ ಏರುವ ಹಾದಿ ಬ್ರಹ್ಮಗಿರಿ ವನ್ಯಜೀವಿಧಾಮದೊಳಗಿನದು. ಅರಣ್ಯ ಇಲಾಖೆಯ ಅನುಮತಿ, ಜೊತೆಗೆ ಇಲಾಖೆ ಕೊಡುವ ಮಾರ್ಗದರ್ಶಿ ಇಲ್ಲದೆ ಕಾಲಿಡುವಂತಿಲ್ಲ.

ಉತ್ತರದಲ್ಲಿ ಕುಮಾರಧಾರೆಯ ಮಲ್ಲಳ್ಳಿ ಜಲಪಾತ ಇದೆ, ಸೋಮವಾರಪೇಟೆ ಕಡೆಯಿಂದ. ಕಣಿವೆಯ ಆಳ ನೋಡಲು ಅದರ ಸಮ ಇನ್ನೊಂದಿಲ್ಲ. ಆದರೆ ಅಲ್ಲಿ ಮೆಟ್ಟಿಲ ಮೇಲಿಂದಲೇ ನೋಡಿ. ಬೇಲಿಯ ಆಚೆ ನೀರಿಗಿಳಿಯುವುದು ಹೂ ನೋಡುವವರ ಕೆಲಸವಲ್ಲ. ಚೇಲಾವರ ಜಲಪಾತದ ಬುಡದ ಗುಂಡಿಯೂ ಅಷ್ಟೆ, ಮೇಲೆ ಶಾಂತವಾಗಿ ಕಂಡರೂ ಆಳ.

ಚಾರಣ ದಾರಿಗಳ ಬುಕಿಂಗ್ ಈಗ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ನಡೆಯುತ್ತದೆ. ಆನ್‌ಲೈನಿನಲ್ಲಿ ಜಾಗ ಸಿಕ್ಕಿತೆಂದು ಅಷ್ಟಕ್ಕೇ ಬಿಡಬೇಡಿ. ಹಿಂದಿನ ದಿನ ಆಯಾ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ, ದಾರಿ ತೆರೆದಿದೆಯೇ, ಆನೆ ಯಾವ ಕಡೆ ಇದೆ, ಎರಡೂ ಕೇಳಿ. ಹೊಳೆ ಬದಿಯ ಬಹುಪಾಲು ಜಾಗ ಕಾಫಿ ತೋಟದವರದ್ದು. ಗೇಟು ತೆರೆದಿದ್ದರೆ ಅದು ಒಳಗೆ ಬನ್ನಿ ಎಂದಲ್ಲ. ತೋಟದ ಮನೆಗೆ ಹೋಗಿ ಕೇಳಿ. ಕೇಳಿದವರಿಗೆ ಇಲ್ಲವೆನ್ನುವುದು ಅಪರೂಪ. ಯಾವ ಮರದಲ್ಲಿ ಸೀತಾಳೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಬಿಡುತ್ತದೆ ಎಂದು ಅವರೇ ತೋರಿಸುವುದೂ ಉಂಟು.

ಗುಂಪು ಕಟ್ಟುವುದು

ಎಂಟರಿಂದ ಹತ್ತು ಜನ ಸಾಕು. ಹನ್ನೆರಡು ದಾಟಿದರೆ ಮುಂದಿನವರು ಕಂಡ ಹೂ ಹಿಂದಿನವರಿಗೆ ತಲುಪುವ ಹೊತ್ತಿಗೆ ತುಳಿದು ಹೋಗಿರುತ್ತದೆ.

ದಾರಿ ಬಲ್ಲ ಸ್ಥಳೀಯರೊಬ್ಬರು ಮುಂದೆ, ನಿಧಾನಕ್ಕೆ ನಡೆಯುವ ತಾಳ್ಮೆಯ ಒಬ್ಬರು ಎಲ್ಲರಿಗಿಂತ ಹಿಂದೆ. ಹಿಂದಿನವರನ್ನು ದಾಟಿ ಯಾರೂ ಹಿಂದುಳಿಯಬಾರದು. ಮೂರನೆಯವರು ನೀರು ನೋಡುವವರು. ಹೂ ಸಿಕ್ಕಾಗ ಎಲ್ಲರ ಕಣ್ಣೂ ಕೆಳಗೆ ಹೋಗುತ್ತದೆ, ಆ ಹೊತ್ತಿನಲ್ಲಿ ಒಬ್ಬರ ಕಣ್ಣಾದರೂ ಹೊಳೆಯ ಮೇಲಿರಬೇಕು. ಈ ಕೆಲಸವನ್ನು ಗಂಟೆಗೊಮ್ಮೆ ಬದಲಿಸಿ, ಇಲ್ಲದಿದ್ದರೆ ಅವರಿಗೆ ಹೂವೇ ಕಾಣದು. ಒಂದು ಗಿಡದ ಬಳಿ ಒಮ್ಮೆಗೆ ಮೂವರೇ, ಅದೂ ಬರಿ ಬಂಡೆಯ ಮೇಲೆ ಕಾಲಿಟ್ಟು. ಹಾವಸೆ ಹಿಡಿದ ಬಂಡೆಯ ಮೇಲೆ ಒಂದು ಬೂಟು ಜಾರಿದರೆ ಹಲವು ವರ್ಷಗಳ ಬೆಳೆ ಚರ್ಮದಂತೆ ಕಿತ್ತುಬರುತ್ತದೆ.

ಕಾಲು, ಕೋಲು, ಬುತ್ತಿ

ತೋಟದ ಕೆಲಸಕ್ಕೆ ಹಾಕುವ ಗಮ್ ಬೂಟು ಹೊಳೆಗೆ ಸರಿಯಲ್ಲ, ಒಳಗೆ ನೀರು ತುಂಬಿದರೆ ಕಾಲೆತ್ತಲಾಗುವುದಿಲ್ಲ. ಚರ್ಮದ ಚಾರಣ ಶೂ ನೆನೆದರೆ ಎರಡು ದಿನ ಒಣಗದು. ಅಡಿಯಲ್ಲಿ ಮೆತ್ತನೆ ರಬ್ಬರಿನ ಮುಳ್ಳುಗಳಿರುವ ಅಗ್ಗದ ಕ್ಯಾನ್‌ವಾಸ್ ಶೂ ಸಾಕು. ನೀರು ಹೊಕ್ಕರೂ ಅಷ್ಟೇ ಬೇಗ ಹೊರಗೆ ಹೋಗುತ್ತದೆ. ಎದೆಮಟ್ಟದ ಗಟ್ಟಿ ಕೋಲು ಪ್ರತಿಯೊಬ್ಬರಿಗೂ ಒಂದು.

ಜಿಗಣೆಗೆ ಮೊಣಕಾಲವರೆಗಿನ ಒತ್ತು ನೇಯ್ಗೆಯ ಜಿಗಣೆ ಕಾಲುಚೀಲವೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚುವ ರೂಢಿ ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಹೊಳೆಗಿಳಿದ ಕೂಡಲೇ ತೊಳೆದುಹೋಗಿ ಕಪ್ಪೆ, ಮೀನುಗಳ ನೀರಿಗೆ ಸೇರುತ್ತದೆ. ಉಪ್ಪಿನ ಗಂಟಿಗೂ ಇದೇ ಮಾತು. ಕಚ್ಚಿದ್ದನ್ನು ಎಳೆಯಬೇಡಿ, ಸಪೂರ ತುದಿಯ ಅಡಿಗೆ ಉಗುರು ಹಾಕಿ ಪಕ್ಕಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ರಸ ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ, ಗಾಬರಿ ಬೇಡ.

ಬುತ್ತಿಗೆ ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ. ಕಾಯಿ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ. ಕಿತ್ತಳೆ ತಿಂದರೆ ಸಿಪ್ಪೆ ಚೀಲಕ್ಕೆ. ತಲಾ ಎರಡು ಲೀಟರ್ ನೀರು ಮನೆಯಿಂದಲೇ ಬರಲಿ. ಮೇಲೆ ತೋಟಗಳಿರುವ ಹೊಳೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬಾರದು. ಕಾಫಿ ಕೊಯ್ಲು ಶುರುವಾದ ಮೇಲಂತೂ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಮಾಡಿದ ನೀರು ಎಲ್ಲೋ ಸೇರಿರುತ್ತದೆ.

ಇನ್ನುಳಿದದ್ದು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ಚಿನ್ನದ ಕೆಲಸದವರು ಬಳಸುವಂಥದ್ದು), ಆರು ಇಂಚಿನ ಅಳತೆಪಟ್ಟಿ, ಪೆನ್ಸಿಲ್, ಬೂದು ಅಥವಾ ಕಪ್ಪು ಬಣ್ಣದ ಒಂದು ಕೊಡೆ. ಕೊಡೆ ಮಳೆಗೆ ಮಾತ್ರವಲ್ಲ, ಫೋಟೊಗೂ ಬೇಕು. ಪೆನ್ನು ಒದ್ದೆ ಕಾಗದದಲ್ಲಿ ಬರೆಯದು.

ನೀರು ಓದುವುದು

ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಬೆಟ್ಟದ ನೆತ್ತಿಯಲ್ಲಿ ಸುರಿದ ಮಳೆ ಕಣಿವೆಗೆ ಬಂದೇ ಬರುತ್ತದೆ. ತಿಳಿನೀರು ಚಹಾದ ಬಣ್ಣಕ್ಕೆ ತಿರುಗುವುದು, ಒಣಗೆಲೆ ಕಡ್ಡಿ ಇದ್ದಕ್ಕಿದ್ದಂತೆ ಜಾಸ್ತಿ ತೇಲಿ ಬರುವುದು, ಹೊಳೆಯ ಸದ್ದು ದಪ್ಪವಾಗುವುದು: ಈ ಮೂರರಲ್ಲಿ ಒಂದು ಕಂಡರೂ ಮಾತಿಲ್ಲದೆ ದಡ ಹತ್ತಿ. ಊಟಕ್ಕೆ ಕೂರುವ ಮುನ್ನ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ. ಹತ್ತು ನಿಮಿಷದಲ್ಲಿ ಎರಡು ಬೆರಳಷ್ಟು ನೀರು ಏರಿದ್ದರೆ ಊಟವನ್ನು ಮೇಲೆ ಹೋಗಿ ಮಾಡಿ. ಬುತ್ತಿ ಬಿಟ್ಟೇ ಓಡಬೇಕಾಗಿ ಬಂದರೂ ಸರಿಯೇ. ಕಣಿವೆ ಇಕ್ಕಟ್ಟಾಗುವ ಪ್ರತಿ ಜಾಗದಲ್ಲೂ ಒಳಹೋಗುವ ಮೊದಲು ಎಲ್ಲಿ ಹತ್ತಿ ಪಾರಾಗುವುದು ಎಂದು ಮುಂದಾಳು ಕೈ ತೋರಿಸಿ ಹೇಳಬೇಕು. ಹತ್ತುವ ಜಾಗ ಕಾಣದಿದ್ದರೆ ಒಳಗೆ ಹೋಗಬೇಡಿ.

ದಾಟಲೇಬೇಕಾದರೆ ಅಗಲವಾದ ಕಡೆ ದಾಟಿ. ಕಿರಿದಾದ ಜಾಗ ಸುಲಭವೆಂದು ಕಾಣುತ್ತದೆ, ಆದರೆ ಆಳವೂ ಸೆಳೆತವೂ ಅಲ್ಲೇ. ನೀರು ಮೊಣಕಾಲಿಗಿಂತ ಮೇಲಿದ್ದರೆ ವಾಪಸ್. ಒಂದು ಕಡ್ಡಿ ಎಸೆಯಿರಿ; ನೀವು ಬೀಸಾಗಿ ನಡೆಯುವ ವೇಗಕ್ಕಿಂತ ಅದು ಮುಂದೆ ಓಡಿದರೆ ಮೊಣಕಾಲು ನೀರೂ ಬೇಡ. ಕೆಳಗಡೆ ಜಲಪಾತ, ಬಿದ್ದ ಮರ ಇರಬಾರದು. ಚೀಲದ ಸೊಂಟಪಟ್ಟಿ ಬಿಚ್ಚಿ, ಬಿದ್ದರೆ ಚೀಲ ಕಳಚಬೇಕು. ಕಾಲುಚೀಲ ಬೇಕಾದರೆ ತೆಗೆಯಿರಿ, ಶೂ ಮಾತ್ರ ಕಾಲಲ್ಲೇ ಇರಲಿ. ಮುಖ ಹರಿವಿಗೆ ಎದುರಾಗಿ, ಕೋಲು ಮುಂದೆ ಊರಿ, ಅಡ್ಡಡ್ಡ ಹೆಜ್ಜೆ. ಒಂದು ಸಲಕ್ಕೆ ಒಂದೇ ಕಾಲು ಅಥವಾ ಕೋಲು ಎತ್ತಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಾಟುವುದನ್ನು ಯಾರೇ ಹೇಳಿಕೊಟ್ಟಿದ್ದರೂ ಮಾಡಬೇಡಿ, ಜಾರಿ ಬಿದ್ದವರನ್ನು ಆ ಹಗ್ಗವೇ ನೀರಿನಡಿ ಹಿಡಿದಿಡುತ್ತದೆ. ಕಪ್ಪಾಗಿ ಮಿರುಗುವ ಬಂಡೆ ಪಾಚಿಯದ್ದು. ಮಾಸಲು ಬಣ್ಣದ, ಒರಟು ಮೈಯ ಬಂಡೆಗೆ ಕಾಲಿಡಿ.

ಎಲ್ಲಿ ನೋಡಬೇಕು

ಮೊದಲು ಹೊರಗಿನಿಂದ ಬಂದ ಗಿಡಗಳನ್ನು ಪರಿಚಯ ಮಾಡಿಕೊಳ್ಳಿ, ಅವಕ್ಕೆ ಸಮಯ ಕೊಡದಿರಲಿಕ್ಕಾಗಿ. ಲಂಟಾನ, ಯುಪಟೋರಿಯಂ, ಹಳದಿ ಹೂವಿನ ವೆಡೇಲಿಯ, ಎಲ್ಲದರ ಮೇಲೂ ಹೊದ್ದುಕೊಳ್ಳುವ ಮೈಕೇನಿಯ ಬಳ್ಳಿ. ಫೋಟೊಗೆ ಇವೇ ಮೊದಲು ಸಿಗುತ್ತವೆ, ಹೊಸಬರು ಅರ್ಧ ಗಂಟೆ ಇವುಗಳ ಮೇಲೆಯೇ ಕಳೆಯುತ್ತಾರೆ.

ಕಣಿವೆಯನ್ನು ನೀರಿನಿಂದ ಮೇಲಕ್ಕೆ ನೋಡುತ್ತ ಹೋಗಿ. ನೀರಂಚಿನ ಮರಳು ಕಲ್ಲಿನಲ್ಲಿ ಹೂ ಕಡಿಮೆ. ಪ್ರವಾಹ ಪ್ರತಿ ವರ್ಷ ತೊಳೆಯುವ ಪಟ್ಟಿ ಅದು. ಅಲ್ಲಿ ವಾಟೆ (ಸಣ್ಣ ಜಾತಿಯ ಬಿದಿರು), ಮುಂಡುಗದಂಥ ಬೇರು ಬಿಗಿಯಾದವು ಮಾತ್ರ ನಿಲ್ಲುತ್ತವೆ. ಅಲ್ಲಿಂದ ಸ್ವಲ್ಪ ಮೇಲೆ, ಮಣ್ಣು ನಿಂತ ತಿರುವುಗಳಲ್ಲಿ ಶುಂಠಿಯ ನೆಂಟರು: ಕಾಡು ಅರಿಶಿನ, ಚಂಗಲಕೋಷ್ಟ, ಸುರುಳಿ ಸುಗಂಧಿ. ಸುಗಂಧಿಯ ಬಿಳಿ ಹೂ ಸಂಜೆಗೆ ಘಮ್ಮೆನ್ನುತ್ತದೆ, ಬೆಳಿಗ್ಗೆ ಹೋದವರಿಗೆ ಅದು ಸಿಗುವುದು ಕಡಿಮೆ.

ನಿಜವಾದ ಸಂಪತ್ತು ಒಸರು ಬಂಡೆಯಲ್ಲಿದೆ. ಮೇಲಿನ ಮಣ್ಣಿನಿಂದ ನೀರು ಹನಿಹನಿಯಾಗಿ ಇಳಿಯುವ, ಬಿಸಿಲು ನೇರ ಬೀಳದ ಗೋಡೆ ಹುಡುಕಿ ಅದರ ಮುಂದೆ ಕೂತುಬಿಡಿ. ಎತ್ತರ ನಾಲ್ಕು ಬೆರಳು ದಾಟದ, ಗುಲಾಬಿ ಬಣ್ಣದ, ಮೂರೇ ಎಸಳು ಮೂರೇ ಕೇಸರವಿರುವ ಹೂ ಕಂಡರೆ ಸೊನೆರಿಲಾ. ಎಸಳು ಮೂರು ಎಂಬುದೊಂದೇ ಗುರುತು ಸಾಕು. ಕಡುನೀಲಿ ಹೂಗಳು ಒಂದೇ ಬದಿಗೆ ಸಾಲಾಗಿ ಬಾಗಿದ್ದರೆ ರಿಂಕೊಗ್ಲಾಸಮ್ ಇರಬಹುದು. ಪಕ್ಕದಲ್ಲೇ ಎಲೆಯ ಒಂದು ಬದಿ ದೊಡ್ಡದು, ಇನ್ನೊಂದು ಸಣ್ಣದು ಎಂಬಂತೆ ಓರೆಯಾಗಿರುವುದು ಬಿಗೋನಿಯ. ಅದರ ಒಂದೇ ಗಿಡದಲ್ಲಿ ಗಂಡು ಹೂ ಹೆಣ್ಣು ಹೂ ಬೇರೆ ಬೇರೆ. ಎಸಳಿನ ಹಿಂದೆ ಮೂರು ರೆಕ್ಕೆಯ ಹಸಿರು ಕಾಯಿ ಹೊತ್ತಿರುವುದು ಹೆಣ್ಣು. ಗುಂಪಿನಲ್ಲಿ ಮಕ್ಕಳಿದ್ದರೆ ಇದನ್ನು ಹುಡುಕಲು ಬಿಡಿ, ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಇದೇ ಗೋಡೆಯಲ್ಲಿ ಕರ್ಣಕುಂಡಲದ ಕಾಡು ಜಾತಿಗಳೂ ಇವೆ. ಪಶ್ಚಿಮಘಟ್ಟದಲ್ಲಿ ಇವು ಸೇರಿದ ಇಂಪೇಶಿಯನ್ಸ್ ಕುಲದ ನೂರಕ್ಕೂ ಹೆಚ್ಚು ಜಾತಿಗಳಿದ್ದು ಬಹುಪಾಲು ಲೋಕದಲ್ಲಿ ಬೇರೆಲ್ಲೂ ಇಲ್ಲ. ಮುಂದಿನಿಂದ ಎಲ್ಲವೂ ಗುಲಾಬಿ ಅಥವಾ ಬಿಳಿ, ಎಲ್ಲವೂ ಒಂದೇ. ಪಕ್ಕದಿಂದ ನೋಡಬೇಕು. ಹೂವಿನ ಹಿಂದೆ ಬಾಲದಂತೆ ಇಳಿಬಿದ್ದ ಮಧುವಿನ ಕೊಳವೆ ಉದ್ದವೋ, ಗಿಡ್ಡವೋ, ಡೊಂಕೋ, ಇಲ್ಲವೇ ಇಲ್ಲವೋ ಎನ್ನುವುದರಲ್ಲೇ ಗುರುತಿನ ಗುಟ್ಟಿದೆ. ಭೂತಗನ್ನಡಿಯಲ್ಲಿ ಹೂವಿನ ಬಾಯಿ ನೋಡಿ: ಹೊಸದಾಗಿ ಅರಳಿದ್ದರಲ್ಲಿ ಕೇಸರಗಳು ಒಂದಕ್ಕೊಂದು ಅಂಟಿ ಸಣ್ಣ ಟೋಪಿಯಾಗಿ ಶಲಾಕೆಯನ್ನು ಮುಚ್ಚಿರುತ್ತವೆ. ಪರಾಗ ಕೊಟ್ಟು ಮುಗಿದ ಮೇಲೆ ಟೋಪಿ ಉದುರಿ ಒಳಗಿನ ಹಸಿರು ತುದಿ ಹೊರಬರುತ್ತದೆ. ಒಂದೇ ಕೊಂಬೆಯಲ್ಲಿ ಎರಡೂ ಹಂತ ಸಿಗುತ್ತದೆ. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಹಾರುತ್ತದೆ, ಒಬ್ಬರು ಒಂದು ಸಿಡಿಸಿ ನೋಡಿದರೆ ಸಾಕು, ಹತ್ತು ಜನ ಹತ್ತು ಬೇಡ.

ಕಣಿವೆ ಬಾಯ್ತೆರೆದು ಬಿಸಿಲು ಬೀಳುವ ಚಪ್ಪಟೆ ಬಂಡೆಯ ಮೇಲೆ, ತೆಳು ನೀರು ಹರಿಯುವಲ್ಲಿ ಯುಟ್ರಿಕ್ಯುಲೇರಿಯಾ ನೇರಳೆ ಚುಕ್ಕಿಗಳಾಗಿ ನಿಂತಿರುತ್ತದೆ. ಹೂ ಚಂದ, ಕೆಲಸ ಬೇಟೆ: ಒದ್ದೆ ಮಣ್ಣಿನೊಳಗಿನ ಪುಟ್ಟ ಚೀಲಗಳಲ್ಲಿ ಸೂಕ್ಷ್ಮ ಜೀವಿಗಳನ್ನು ಹೀರುತ್ತದೆ. ಕೆಂಪು ಕೂದಲಿನ ತುದಿಯಲ್ಲಿ ಅಂಟು ಹನಿ ಹೊತ್ತ ಡ್ರೊಸೆರಾ ಜೊತೆಯಲ್ಲೇ ಇರಬಹುದು. ಇಂಥ ಬಂಡೆಯಲ್ಲಿ ಮಣ್ಣು ಬಡತನದ್ದು, ಸಾರಜನಕ ಸಿಗದು, ಹಾಗಾಗಿ ಹುಳುವಿನಿಂದ ಪಡೆಯುತ್ತವೆ. ಇವುಗಳ ಮೇಲೆ ಕೂತು ಊಟ ಮಾಡುವ ಗುಂಪುಗಳಿವೆ, ಕೂರುವ ಮೊದಲು ಬಂಡೆ ನೋಡಿ.

ದಡದ ಪೊದೆಯಲ್ಲಿ ಐದು ಎಸಳಿನ ನೇರಳೆ ನೆಕ್ಕರಿಕೆ, ಬೇಲಿ ಹತ್ತಿದ ಬೆಂಕಿ ಬಣ್ಣದ ಗ್ಲೋರಿಯೋಸಾ. ಕೊಡವರ ಆಯುಧಪೂಜೆಯ ಹಬ್ಬವಾದ ಸೆಪ್ಟೆಂಬರ್ 3ರ ಕೈಲ್‌ಪೊಳ್ದಿಗೆ ಕೋವಿಯ ಬಾಯಿಗೆ ಸಿಕ್ಕಿಸುವ ತೋಕ್‌ಪೂ ಇದೇ. ಗಡ್ಡೆಯಿಂದ ಹೂವಿನವರೆಗೆ ಇಡೀ ಗಿಡ ವಿಷ, ಕಾಲ್ಚಿಸಿನ್ ಇರುವುದರಿಂದ. ಮುಟ್ಟಿದ ಕೈಯಲ್ಲಿ ರೊಟ್ಟಿ ತಿನ್ನಬೇಡಿ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮನೆಮನೆಯಲ್ಲಿ ನೇರಳೆ ಬಣ್ಣದ ಪಾಯಸವಾಗುವ ಮದ್ದುಸೊಪ್ಪು ಕೂಡ ಇಂಥ ನೆರಳಿನ ದಡದ ಗಿಡವೇ. ಊರವರು ಜೊತೆಯಲ್ಲಿದ್ದರೆ ತೋರಿಸಿ ಎನ್ನಿ. ತಲೆಯೆತ್ತಿ ನೋಡಲು ಮರೆಯಬೇಡಿ. ಸೀತಾಳೆ ದಂಡೆ ಅರಳುವುದು ಮೇ–ಜೂನಿನಲ್ಲಿ, ಅಕ್ಟೋಬರಿನಲ್ಲಿ ಅದರ ಎಲೆ ಬೇರು ಮಾತ್ರ ಕಾಣುತ್ತದೆ. ಮರ ಗುರುತಿಟ್ಟುಕೊಂಡರೆ ಮುಂದಿನ ವರ್ಷ ಉಪಯೋಗ.

ಗುರುತು ಮತ್ತು ಫೋಟೊ

ಪ್ರತಿ ಗಿಡಕ್ಕೂ ಐದು ಚಿತ್ರ, ಇದೇ ಕ್ರಮದಲ್ಲಿ: ಗಿಡ ನಿಂತ ಜಾಗ, ಎಲೆ ಕಾಂಡಕ್ಕೆ ಸೇರುವ ಗೆಣ್ಣು, ಹೂ ಮುಂದಿನಿಂದ, ಹೂ ಪಕ್ಕದಿಂದ, ಹೂವಿನ ಹಿಂಬದಿ. ಒಂದರಲ್ಲಾದರೂ ಅಳತೆಪಟ್ಟಿ ಇರಲಿ. ಹೊಸಬರು ಮುಂದಿನಿಂದ ಹತ್ತು ಚಿತ್ರ ತೆಗೆದು ಬರುತ್ತಾರೆ. ಮನೆಗೆ ಬಂದು ಹೆಸರು ಹುಡುಕುವಾಗ ಎಲೆ ಎದುರುಬದುರೋ ಪರ್ಯಾಯವೋ ಎಂಬ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ. ಮರದ ಎಡೆಯಿಂದ ಬಿಸಿಲು ಚೂರುಚೂರಾಗಿ ಬಿದ್ದರೆ ಹೂ ಸುಟ್ಟಂತೆ ಬೆಳ್ಳಗಾಗುತ್ತದೆ, ಆಗ ಕೊಡೆ ಅಡ್ಡ ಹಿಡಿಯಿರಿ. ನೀಲಿ ನೇರಳೆ ಬಣ್ಣವನ್ನು ಫೋನು ಸರಿಯಾಗಿ ಹಿಡಿಯದು, ಕಂಡ ಬಣ್ಣವನ್ನು ಪೆನ್ಸಿಲಿನಲ್ಲಿ ಬರೆದಿಡಿ.

ಐನ್ಯಾಚುರಲಿಸ್ಟ್‌ನಂಥ ಆ್ಯಪ್ ಕುಲದವರೆಗೆ ಚೆನ್ನಾಗಿ ಹೇಳುತ್ತದೆ. ಇಂಪೇಶಿಯನ್ಸ್, ಕುರಿಂಜಿಗಳಲ್ಲಿ ಜಾತಿಯ ಹೆಸರನ್ನು ಅದು ಕೊಟ್ಟ ಕೂಡಲೇ ನಂಬಬೇಡಿ. ಕಿತ್ತು ತಂದು ಮನೆಯಲ್ಲಿ ನೋಡೋಣ ಎನ್ನುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ.

ಮುಟ್ಟಬಾರದ್ದು, ತಡೆಯಬೇಕಾದ್ದು

ಹಿಡಿತಕ್ಕೆಂದು ಸಿಕ್ಕ ಕೊಂಬೆ ಹಿಡಿಯುವ ಅಭ್ಯಾಸ ಬಿಡಬೇಕು. ತುರಚೆಯ ರೋಮ ತಾಗಿದರೆ ಉರಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಉಜ್ಜಬೇಡಿ, ಅಂಟುಪಟ್ಟಿ ಒತ್ತಿ ಎತ್ತಿ ರೋಮ ತೆಗೆಯಿರಿ. ಹೊಲಗೇರಿನ ಸೊನೆ ಗಾಳಿಗೆ ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಬೊಬ್ಬೆ. ಹೊಳೆ ಬದಿಯ ಗಿಡಗಳ ಮೇಲೆ ಗುಳಿ ಮಂಡಲ ಹಾವು ಅಲುಗದೆ ಕೂತಿರುತ್ತದೆ, ಹಸಿರಿನದ್ದೂ ಕಂದು ಬಣ್ಣದ್ದೂ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ ಗಡಿಯಾರ ತೆಗೆದು, ಕೈಕಾಲು ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ತಯಾರಾದದ್ದು, ಗುಳಿ ಮಂಡಲಕ್ಕಲ್ಲ. ದೂರದಿಂದ ಹಾವಿನ ಒಂದು ಫೋಟೊ ಸಿಕ್ಕಿದ್ದರೆ ವೈದ್ಯರಿಗೆ ಉಪಯೋಗವಾಗುತ್ತದೆ, ಅದಕ್ಕಾಗಿ ಹಾವಿನ ಹಿಂದೆ ಮಾತ್ರ ಹೋಗಬೇಡಿ. ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇರುವುದು ಕಡಿಮೆ, ಕೊನೆಯ ಸಿಗ್ನಲ್ ಎಲ್ಲಿತ್ತೆಂದು ಹೋಗುವಾಗಲೇ ಗಮನಿಸಿ.

ಆನೆಗೆ ವಾಟೆ ಇಷ್ಟ, ಹೊಳೆಯ ಸದ್ದಿನಲ್ಲಿ ಅದಕ್ಕೆ ನೀವು ಕೇಳಿಸುವುದಿಲ್ಲ, ನಿಮಗೆ ಅದು ಕೇಳಿಸುವುದಿಲ್ಲ. ಹೊಸದಾಗಿ ಮುರಿದ ವಾಟೆ, ಹೊಗೆಯಾಡುವ ಲದ್ದಿ ಕಂಡರೆ ಬಳಸಿ ಮುಂದೆ ಹೋಗುವ ಯೋಚನೆ ಬೇಡ, ಬಂದ ದಾರಿಯಲ್ಲೇ ವಾಪಸ್. ಅಂದಿನ ನಡಿಗೆ ಅಲ್ಲಿಗೆ ಮುಗಿಯಿತು.

ಹೊರಬಂದ ಮೇಲೆ

ವಾಹನ ಹತ್ತುವ ಮುನ್ನ ಸೊಂಟ, ಕಂಕುಳು, ಮೊಣಕಾಲ ಹಿಂದೆ ಒಬ್ಬರಿಗೊಬ್ಬರು ನೋಡಿ. ಜಿಗಣೆ ಮಾತ್ರವಲ್ಲ, ಡಿಸೆಂಬರಿನಿಂದಾಚೆ ಉಣುಗೂ ಇರುತ್ತದೆ. ಕಾಡಿನಲ್ಲಿ ಸತ್ತ ಮಂಗ ಕಂಡಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸುಳಿವು ಅಲ್ಲಿಂದಲೇ ಸಿಗುವುದು. ಶೂ ಒಳಗೆ ಹಳೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ.

ಟಿಪ್ಪಣಿ ಅದೇ ಸಂಜೆ ಕೂತು ಸರಿಮಾಡಿ, ವಾರ ಕಳೆದರೆ ಯಾವ ಎಲೆ ಯಾವ ಹೂವಿನದ್ದು ಎಂಬುದೇ ಕಲಸಿಹೋಗುತ್ತದೆ. ಗುಂಪಿನ ಎಲ್ಲರ ಚಿತ್ರಗಳನ್ನೂ ಒಂದೇ ಕಡೆ ಹಾಕಿ ಗಿಡಗಿಡಕ್ಕೆ ಸಂಖ್ಯೆ ಕೊಟ್ಟರೆ ಒಬ್ಬರು ಬಿಟ್ಟ ಕೋನ ಇನ್ನೊಬ್ಬರಲ್ಲಿ ಸಿಗುತ್ತದೆ. ಆನ್‌ಲೈನಿನಲ್ಲಿ ಹಂಚುವಾಗ ಸೀತಾಳೆಯಂಥ ಆರ್ಕಿಡ್‌ಗಳ ನಿಖರ ಜಾಗವನ್ನು ಮರೆಮಾಡುವ ಆಯ್ಕೆ ಒತ್ತಿ, ಫೋಟೊ ಕಡತದೊಳಗಿನ ಸ್ಥಳದ ಗುರುತನ್ನೂ ಅಳಿಸಿ. ಗಿಡ ಕೀಳುವವರೂ ಅವೇ ಪುಟಗಳನ್ನು ನೋಡುತ್ತಾರೆ.